ಬತ್ತೆ, ಬಂದೆ

"ಆ 'ಮಕ್ಳೇ' ಅಂಬುದ್ ತೆಗ್ದ್ರೆ ಆತಿಲ್ಯಾ?" ಎಂದು ಉಮಾನಾಥ ಕೇಳಿದ.

ವಿಜೇತಾ ಕಂಪ್ಯೂಟರಿನಿಂದ ಕಣ್ಣು ಕೀಳಲಿಲ್ಲ. "ಯಾವ ಮಕ್ಳೇ?"

"ನಿನ್ನಮ್ಮ ಹೇಳ್ತ್ರಲೆ, 'ಹ್ವಾಯ್ ಮಕ್ಳೇ, ಗಾಳಿ ಬತ್ತ್' ಅಂದ್ಕಂಡ್. ಹ್ವಾಯ್ ಒಂದೇ ಸಾಕ್. ಜಾಗ ಉಳೂದಿಲ್ಯಾ?"

"ಬರೀ ಹ್ವಾಯ್ ಅಂದ್ರೆ ಬಸ್ಸಿನ ಕಂಡಕ್ಟರ್ ಕರ್ದಂಗ್ ಆತ್ತ್ ಉಮಾನಾಥಣ್ಣ. ಮಕ್ಳೇ ಅಂದ್ರೇ ಜನ ತಿರ್ಗಿ ಕಾಂಬುದ್."

"ಅರೇ, ಡಬ್ಬಿ ಒಳ್ಗೆ ಹಿಡೀದಿದ್ರೆ ಮಕ್ಳೂ ಇಲ್ಲೆ, ಗಾಳಿಯೂ ಇಲ್ಲೆ. ಕಾಣ್ ಮತ್ತೆ."

ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅದೇ ವಿಜೇತಾಳಿಗೆ ಕಿರಿಕಿರಿ. ಅವಳ ಬಲಗಾಲು ಮೇಜಿನ ಕೆಳಗೆ ತನ್ನಷ್ಟಕ್ಕೆ ಅಲುಗತೊಡಗಿತು. ತಲೆ ಕೆಟ್ಟಾಗ ಆ ಕಾಲು ಮಾಲೀಕಳ ಮಾತು ಕೇಳುತ್ತಿರಲಿಲ್ಲ.

ಉಮಾನಾಥ ಬ್ರಹ್ಮಾವರದವನು. ಮುಂಬೈಯಲ್ಲಿ ಕಂಪ್ಯೂಟರ್ ರಿಪೇರಿ ಮಾಡಿಕೊಂಡು ಅರ್ಧ ಆಯುಷ್ಯ ಕಳೆದು, ತಲೆ ಬೋಳಾದ ಮೇಲೆ ಊರಿಗೆ ಬಂದು, ಕುಂದಾಪುರದಲ್ಲಿ ಒಂದು ಬಟ್ಟೆ ಅಂಗಡಿಯ ಮಹಡಿಯಲ್ಲಿ 'ಕಡಲ ಸಾಥಿ' ಎಂಬ ಕಂಪನಿ ತೆರೆದಿದ್ದ. ಹೆಸರಿನ ಅರ್ಧ ಕನ್ನಡ, ಅರ್ಧ ಹಿಂದಿ. ಅವನ ಮಾತೂ ಅದೇ ಅಳತೆಯದು. ಕಂಪನಿ ತಯಾರಿಸುತ್ತಿದ್ದುದು ದೋಣಿಗೆ ಹಾಕುವ ಒಂದು ಕಿತ್ತಳೆ ಬಣ್ಣದ ಡಬ್ಬಿಯನ್ನು. ಬುತ್ತಿ ಡಬ್ಬಿಯಷ್ಟು ದೊಡ್ಡದು, ಮೇಲೊಂದು ಪುಟ್ಟ ಧ್ವನಿವರ್ಧಕ, ಎದುರಿಗೆ ಎರಡು ಬಟನ್. ದೋಣಿ ಹೊರಟಾಗ ಒಂದನ್ನು ಒತ್ತಬೇಕು, ಬಂದಾಗ ಇನ್ನೊಂದನ್ನು. ಒತ್ತಿದ್ದು ದಡದ ಮೀನುಗಾರರ ಸಂಘದ ಆಫೀಸಿನ ಗೋಡೆಯ ಮೇಲಿನ ಬೋರ್ಡಿನಲ್ಲಿ ಕಾಣಿಸುತ್ತದೆ. ಹವಾಮಾನ ಕೆಟ್ಟರೆ, ಯಾವ ದೋಣಿ ಇನ್ನೂ ಕಡಲಲ್ಲಿದೆ ಎಂದು ಬೋರ್ಡು ಹೇಳುತ್ತದೋ ಆ ದೋಣಿಗಳಿಗೆಲ್ಲ ಎಚ್ಚರಿಕೆ ಹೋಗುತ್ತದೆ. ಬಂದ ದೋಣಿಗಳಿಗೆ ಹೋಗುವುದಿಲ್ಲ; ದಡದಲ್ಲಿ ಮಲಗಿದವನನ್ನು ಬೆಚ್ಚಿಬೀಳಿಸಿ ಏನು ಪ್ರಯೋಜನ?

ಮೊದಲು ಆ ಬಟನ್‌ಗಳ ಮೇಲೆ 'ಹೋತೆ', 'ಬತ್ತೆ', ಅಂದರೆ ಹೋಗುತ್ತೇನೆ, ಬರುತ್ತೇನೆ ಎಂದು ಬರೆಸಿದ್ದ ಉಮಾನಾಥ. ಊರ ಭಾಷೆಯಲ್ಲಿರಲಿ ಎಂಬ ಒಳ್ಳೆಯ ಉದ್ದೇಶವೇ. ಒಂದು ವಾರದೊಳಗೆ ಬೋರ್ಡು ಹುಚ್ಚು ಹಿಡಿದವರಂತೆ ಆಡತೊಡಗಿತು. ದೋಣಿಗಳು ಹೋಗುವುದೇ ಇಲ್ಲ, ಬರೇ ಬರುತ್ತವೆ. ಬೆಳಿಗ್ಗೆ ಬರುತ್ತವೆ, ಸಂಜೆ ಮತ್ತೆ ಬರುತ್ತವೆ. ವಿಜೇತಾ ತನ್ನ ಸೋದರಮಾವ ಸೂರನನ್ನು ಕೇಳಿದಳು. ಅವನು ಬಲೆಯ ತೂತು ನೋಡುತ್ತ, ಇದೂ ಒಂದು ಪ್ರಶ್ನೆಯೇ ಎಂಬಂತೆ ಹೇಳಿದ: "ಕಡಲಿಗ್ ಹೋಪ ಹೊತ್ತಿಗೆ 'ಹೋತೆ' ಅಂತ ಯಾರ್ ಹೇಳ್ತ್ರ್ ಹೆಣ್ಣೇ? ಹೋತೆ ಅಂದ್ ಹೋದವ್ರ್ ಎಂತಕ್ ಬತ್ತ್ರ್?"

ಮನೆ ಬಿಡುವಾಗ 'ಬತ್ತೆ' ಎನ್ನಬೇಕು. ಅದು ಅವಳಿಗೆ ಗೊತ್ತಿಲ್ಲದ್ದಲ್ಲ. ದಿನಾ ಬೆಳಿಗ್ಗೆ ಸ್ಕೂಟರ್ ಏರುವಾಗ ಅವಳೂ ಅದನ್ನೇ ಹೇಳುತ್ತಾಳೆ. ಅಂದಿನಿಂದ ಹೊರಡುವ ಬಟನ್ 'ಬತ್ತೆ' ಆಯಿತು, ಮರಳಿದ್ದು 'ಬಂದೆ' ಆಯಿತು. ಬೋರ್ಡಿನಲ್ಲಿ ಕಡಲಿಗೆ ಹೋದ ದೋಣಿಯ ಮುಂದೆ 'ಬತ್ತ್' ಎಂದೂ, ದಡ ಸೇರಿದ್ದರ ಮುಂದೆ 'ಬಂತ್' ಎಂದೂ ಬೀಳತೊಡಗಿತು. "ಎರಡೂ ಸೇಮ್ ಕಾಣ್ತಲೆ," ಎಂದು ಉಮಾನಾಥ ಆಗಲೇ ಗೊಣಗಿದ್ದ. "ನಿಮ್ಗ್ ಸೇಮ್. ಕಾದ್ಕಂಡ್ ಕೂಕಂಡರಿಗ್ ಸೇಮ್ ಅಲ್ಲ," ಎಂದಿದ್ದಳು ವಿಜೇತಾ. ಆ ದಿನ ಅವಳಿಗೆ ಸ್ವಲ್ಪ ಹೆಮ್ಮೆಯೇ ಆಗಿತ್ತು.

ಈಗಿನ ತಾಪತ್ರಯ ಬೇರೆ. ಎಚ್ಚರಿಕೆಯೆಂದರೆ ಡಬ್ಬಿ ಇಷ್ಟು ದಿನ 'ಕುಂಯ್ ಕುಂಯ್' ಎನ್ನುತ್ತಿತ್ತು. ಬ್ಯಾಟರಿ ಮುಗಿಯಿತೆಂದು ತಿಳಿದು ಅರ್ಧ ಜನ ವಯರು ಕಿತ್ತಿಡುತ್ತಿದ್ದರು. ಹಾಗಾಗಿ ಮನುಷ್ಯರ ಸ್ವರವೇ ಬೇಕೆಂದಾಯಿತು. ತ್ರಾಸಿಯಿಂದ ಬೈಂದೂರಿನವರೆಗೆ ದೋಣಿಯವರಿಗೆಲ್ಲ ಪರಿಚಯವಿರುವ ಸ್ವರ ಒಂದೇ: ದೋಣಿ ಕಟ್ಟುವ ದಕ್ಕೆಯಲ್ಲಿ ಮೀನು ಏಲಂ ಕೂಗುವ ಚಂದ್ರಮತಿಯದು, ಅಂದರೆ ವಿಜೇತಾಳ ಅಮ್ಮನದು. ಮೈಕು ಮುಂದಿಟ್ಟಾಗ ಚಂದ್ರಮತಿ ಸೆರಗು ಸರಿಮಾಡಿಕೊಂಡು, ಫೋಟೋಕ್ಕೆ ನಿಂತವಳಂತೆ ಬಿಗಿದುಕೊಂಡು, ಒಂದೇ ಉಸಿರಿಗೆ ಹೇಳಿದ್ದಳು: "ಹ್ವಾಯ್ ಮಕ್ಳೇ, ಗಾಳಿ ಬತ್ತ್! ಬಲೆ ಎಳ್ಕಣಿ, ದಡಕ್ ಬನಿ. ಬನಿ ಕಾಂಬ!"

ಆ ಸ್ವರಕ್ಕೆ ಡಬ್ಬಿಯಲ್ಲಿ ಜಾಗವಿಲ್ಲ. ಉಮಾನಾಥ ಅಗ್ಗಕ್ಕೆ ಸಿಕ್ಕಿತೆಂದು ತಂದ ಡಬ್ಬಿಗಳು. ಅವುಗಳ ಒಳಗಿನ ಜಾಗ ಅವನ ಹಳೆಯ ಮುಂಬೈ ಖೋಲಿಯಂತೆ. ಮೂವರು ಮಲಗಿದರೆ ನಾಲ್ಕನೆಯವನು ನಿಂತೇ ಇರಬೇಕು. ಮಲಗಿದ್ದವುಗಳಲ್ಲಿ ಅತಿ ದಪ್ಪಗಿದ್ದವು ಲೈಬ್ರರಿ ಫೈಲುಗಳು.

*

"ಎಂತಾ ಕೆಲ್ಸ ಅದ್, ಊಟಕ್ ಕೂಕಂಡರೂ ಮುಗೀದೇ ಇಪ್ಪುದ್?" ಚಂದ್ರಮತಿ ಹಿತ್ತಲ ಜಗುಲಿಯಲ್ಲಿ ಕುಳಿತು ಬಂಗುಡೆ ಮೀನು ಕೊಯ್ಯುತ್ತಿದ್ದಳು. ಆ ದಿನ ಭಾನುವಾರ. ವಿಜೇತಾ ಮಾತ್ರ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದಳು.

"ಲೈಬ್ರರಿ ಸಣ್ಣ ಮಾಡುದ್ ಅಮ್ಮ."

"ಪುಸ್ತಕ ಎಲ್ಲ ರದ್ದಿಗ್ ಹಾಕುದಾ?"

"ಪುಸ್ತಕ ಅಲ್ಲ. ಬೇರೆಯರ್ ಮೊದ್ಲೇ ಮಾಡಿಟ್ಟ್ ಕೆಲ್ಸ ಇರತ್ತ್, ಅದನ್ನ ನಾವ್ ತಕಂಡ್ ಬಳ್ಸುದ್. ಒಂದ್ ಬೇಕಂದ್ರೆ ಅದ್ರೊಟ್ಟಿಗ್ ಬೇಡದ್ದ್ ಹತ್ತ್ ಬತ್ತ್. ಈಗ ನೀನ್ ಬಂಗ್ಡಿ ಕೊಯ್ತಿಯಲೆ, ಹಾಂಗೆ. ರೆಕ್ಕೆ, ಬಾಲ, ಕರುಳ್ ತೆಗುದ್."

"ತಲೆ?"

"ತಲೆ ಇಡ್ಕ್."

"ಹಾಂಗಾರ್ ಅಡ್ಡಿಲ್ಲೆ," ಎಂದಳು ಚಂದ್ರಮತಿ. ಮಗಳ ಕಂಪನಿಯ ಬಗ್ಗೆ ಅವಳಿಗಿದ್ದ ಸಂಶಯ ಸ್ವಲ್ಪ ಕಡಿಮೆಯಾದಂತೆ ಕಂಡಿತು. "ಕಾಲ್ ಆಡ್ಸ್ಬೇಡ. ಮನಿಗ್ ದರಿದ್ರ."

ವಿಜೇತಾ ಮೊದಲು ಕಿತ್ತದ್ದು ಹೆಸರುಗಳನ್ನು. ಬರೆದ ಪ್ರತಿಯೊಂದು ತುಂಡು ಕೆಲಸಕ್ಕೂ ಬರೆದವರು ಒಂದು ಹೆಸರಿಟ್ಟಿರುತ್ತಾರೆ. ಯಂತ್ರದ ಭಾಷೆಗೆ ತಿರುಗಿದ ಮೇಲೂ ಆ ಹೆಸರುಗಳು ಫೈಲಿನಲ್ಲೇ ಉಳಿದುಕೊಂಡು ಜಾಗ ತಿನ್ನುತ್ತವೆ. ಅವು ಇರುವುದು ಮನುಷ್ಯರಿಗಾಗಿ. ಯಂತ್ರಕ್ಕೆ ಹೆಸರು ಬೇಡ, ವಿಳಾಸ ಸಾಕು. ಒಂದು ಆಜ್ಞೆ ಕೊಟ್ಟದ್ದೇ ಹೆಸರುಗಳೆಲ್ಲ ಪೊರೆಯಂತೆ ಉದುರಿ ಫೈಲು ಅರ್ಧಕ್ಕರ್ಧ ಇಳಿಯಿತು. ಆಮೇಲೆ ಬಳಸದ ಭಾಗಗಳು. ಒಂದು ಲೈಬ್ರರಿಯಲ್ಲಿ ಲೋಕದ ಎಲ್ಲ ಪಂಚಾಂಗಗಳೂ ಇದ್ದವು. ತ್ರಾಸಿಯ ದೋಣಿಯಲ್ಲಿ ಬಲೆ ಎಳೆಯುತ್ತ ಇದ್ದವನಿಗೆ, ಈಗ ಜಪಾನಿನಲ್ಲಿ ಯಾವ ಚಕ್ರವರ್ತಿಯ ಎಷ್ಟನೇ ವರ್ಷ ನಡೆಯುತ್ತಿದೆ ಎಂದು ತಿಳಿಸುವ ಏರ್ಪಾಡು ಅದರಲ್ಲಿ ತಯಾರಾಗಿ ಕುಳಿತಿತ್ತು. ಅದನ್ನು ಕಿತ್ತೆಸೆಯುವಾಗ ವಿಜೇತಾಳಿಗೆ ಒಂದು ಕ್ಷಣ ಪಾಪವೆನಿಸಿತು; ಪಾಪ, ಯಾರೋ ಶ್ರದ್ಧೆಯಿಂದ ಮಾಡಿದ್ದಾರೆ.

ಇಷ್ಟಾದರೂ ಚೂರು ಉಳಿಯಿತು. ಎಷ್ಟು ಚೂರು ಎಂದರೆ, ಸರಿಯಾಗಿ ಒಂದು 'ಮಕ್ಳೇ'ಯಷ್ಟು.

ಬೆಳಗಾದರೆ ಸೋಮವಾರ. ಮಂಗಳವಾರದೊಳಗೆ ದೋಣಿಗಳಿಗೆ ಹಾಕುತ್ತೇವೆಂದು ಉಮಾನಾಥ ಸಂಘದವರಿಗೆ ಮಾತು ಕೊಟ್ಟಾಗಿತ್ತು. ಸೋಮವಾರ ಆಫೀಸಿಗೆ ಬಂದವಳೇ ಅವಳು ಕುರ್ಚಿಯಿಂದ ಕಿಟಕಿಗೆ, ಕಿಟಕಿಯಿಂದ ಕುರ್ಚಿಗೆ ತಿರುಗಿದಳು. ಉಮಾನಾಥ ಎರಡು ಬೆರಳಿನಿಂದ ಕತ್ತರಿ ಆಡಿಸಿ ತೋರಿಸಿದ. ಮಕ್ಳೇ ಕತ್ತರಿಸು ಎಂದು.

ಇನ್ನೊಂದು ದಾರಿ ಇತ್ತು. ಒಳಗೆ ಒಂದೇ ತರಹದ ಕೆಲಸ ಮಾಡುವ ಎರಡು ತುಂಡುಗಳು ಸಿಕ್ಕರೆ ಒಂದನ್ನು ಮಾತ್ರ ಉಳಿಸಿ, ಇನ್ನೊಂದರ ವಿಳಾಸವನ್ನೂ ಅದಕ್ಕೇ ಕೊಟ್ಟುಬಿಡುವುದು. ಅವಳಿ ಮಕ್ಕಳಿಗೆ ಒಂದೇ ಅಂಗಿ ಹೊಲಿಸಿ, ಆಮೇಲೆ ಒಂದೇ ಮಗು ಸಾಕು ಎಂದ ಹಾಗೆ. ಅದರಲ್ಲಿ ಎರಡು ಬಗೆ: ಜಾಗ್ರತೆಯಿಂದ ಮಾಡುವುದು ಒಂದು, ಸಿಕ್ಕಿದ್ದನ್ನೆಲ್ಲ ಮಡಚುವುದು ಇನ್ನೊಂದು. ಜಾಗ್ರತೆಯದು ಸಾಲಲಿಲ್ಲ. ಇನ್ನೊಂದರ ಬಗ್ಗೆ ಕೈಪಿಡಿಯಲ್ಲಿ ಒಂದು ಸಾಲಿನ ಎಚ್ಚರಿಕೆ ಇತ್ತು: ವಿಳಾಸ ನೋಡಿ ಗುರುತು ಹಿಡಿಯುವ ಪದ್ಧತಿ ಇದ್ದರೆ ಇದನ್ನು ಬಳಸಬೇಡಿ. ವಿಜೇತಾ ಅದನ್ನು ಓದಿದಳು. ವಿಳಾಸ ನೋಡಿ ಗುರುತು ಹಿಡಿಯುವವರು ಯಾರಪ್ಪ, ಅಂಚೆಯವರಾ? ಎಂದುಕೊಂಡಳು.

ಫೈಲು ಇಳಿಯಿತು. ಮಕ್ಳೇ ಉಳಿಯಿತು.

ಪರೀಕ್ಷೆಗೆಂದು ಮೇಜಿನ ಮೇಲೆ ಯಾವಾಗಲೂ ಒಂದು ಡಬ್ಬಿ ಇರುತ್ತಿತ್ತು. ಬೋರ್ಡಿನ ಕೊನೆಯ ಸಾಲು ಅದರದು. ಸಂಘದ ಆಫೀಸಿನ ಶೀನ ಅದನ್ನು 'ಸುಳ್ಳ್ ದೋಣಿ' ಎನ್ನುತ್ತಿದ್ದ. ಅವಳ ಕಂಪ್ಯೂಟರಿನಲ್ಲೂ ಬೋರ್ಡು ತೆರೆಯಬಹುದಿತ್ತು, ಆದರೆ ಪರದೆಯ ಎಲ್ಲ ಕಿಟಕಿಗಳಲ್ಲೂ ಬೇರೆ ಬೇರೆ ಲೆಕ್ಕಾಚಾರಗಳು ಓಡುತ್ತಿದ್ದವು. ಫೋನು ಸುಲಭ. ಅವಳು ಹೊಸ ಫೈಲು ಹಾಕಿದ ಡಬ್ಬಿಯ 'ಬತ್ತೆ' ಒತ್ತಿದಳು.

"ಶೀನಣ್ಣ, ಸುಳ್ಳ್ ದೋಣಿ ಕಾಣಿ. ಈಗ ಬತ್ತೆ ಒತ್ದೆ. ಬಂತಾ?"

"ಬಂತ್."

'ಬಂದೆ' ಒತ್ತಿದಳು. "ಈಗ ಬಂದೆ ಒತ್ದೆ. ಬಂತಾ?"

"ಬಂತ್ ಅಂದೆನಲೆ ಮಾರಾಯ್ತಿ."

"ಸರಿ, ಇಡ್ತೆ," ಎಂದಳು ವಿಜೇತಾ. ಶೀನನಿಗೆ ಯಾವಾಗಲೂ ಸಿಡುಕು ಜಾಸ್ತಿ.

*

ಮಂಗಳವಾರ ಮಧ್ಯಾಹ್ನ ಊಟದ ಹೊತ್ತಿಗೆ ಕೆಳಗಿನ ಬಟ್ಟೆ ಅಂಗಡಿಯ ಮುಂಚಾಚಿದ ಟಾರ್ಪಾಲು ಪಟಪಟ ಬಡಿದುಕೊಳ್ಳತೊಡಗಿತು. ಹೊಸ ಫೈಲುಗಳನ್ನು ಸೋಮವಾರ ಸಂಜೆ ಮೊದಲು ತ್ರಾಸಿಯ ದಕ್ಕೆಯ ದೋಣಿಗಳಿಗೆ ಮಾತ್ರ ಹಾಕಿದ್ದರು. ಸೂರಮಾವ ತನ್ನ ದೋಣಿಗೇ ಮೊದಲು ಹಾಕಬೇಕೆಂದು ಹಟ ಹಿಡಿದಿದ್ದ. ಅಕ್ಕನ ಸ್ವರ ಇರುವ ಡಬ್ಬಿ ಎಂದರೆ ಸಾಧಾರಣವೇ? ಬೆಳಕು ಹರಿಯುವ ಮೊದಲೇ ದೋಣಿಗಳೆಲ್ಲ ಬತ್ತೆ ಒತ್ತಿ ಹೊರಟಿದ್ದವು.

ಹವಾಮಾನದವರ ಸೂಚನೆ ಬಂತು: ಗಾಳಿ, ಎತ್ತರದ ಅಲೆ, ಸಂಜೆಯೊಳಗೆ ದಡ ಸೇರಬೇಕು. ಉಮಾನಾಥ ಕೈ ತೊಳೆದುಕೊಂಡು ಬಂದು, ದೇವರ ದೀಪ ಹಚ್ಚುವವನ ಹಾಗೆ ತಾನೇ ಕುಳಿತು ಎಚ್ಚರಿಕೆಯ ಬಟನ್ ಒತ್ತಿದ. ಪರದೆಯ ಮೇಲೆ ಹಸಿರು ಅಕ್ಷರ: ಎಚ್ಚರಿಕೆ ಕಳಿಸಲಾಗಿದೆ.

"ಹೋ ಗಯಾ!" ಎಂದ ಉಮಾನಾಥ. "ಈಗ ಕಡಲ್ ತುಂಬ ಚಂದ್ರಮತಿಯಕ್ಕಂದೇ ಸ್ವರ. ಗೋಳಿಬಜೆ ತರ್ಸ್ತೆ ಕಾಣ್."

ಎಣ್ಣೆಯಲ್ಲಿ ಕರಿದ ಬಿಸಿ ಗೋಳಿಬಜೆ ಬಂತು. ವಿಜೇತಾ ಒಂದನ್ನು ಕೈಯಲ್ಲಿ ಹಿಡಿದುಕೊಂಡು ಕಿಟಕಿಯ ಹತ್ತಿರ ನಿಂತಳು. ಎದುರಿನ ಅಂಗಡಿಯವನು ಹೊರಗೆ ನೇತುಹಾಕಿದ ಪ್ಲಾಸ್ಟಿಕ್ ಕೊಡಗಳನ್ನು ಒಳಗೆ ಎಳೆದುಕೊಳ್ಳುತ್ತಿದ್ದ. ಒಂದು ಕೊಡ ತಪ್ಪಿಸಿಕೊಂಡು ರಸ್ತೆಯ ಮೇಲೆ ಉರುಳುತ್ತ ಹೋಯಿತು. ಅವಳಿಗೆ ಕೂರಲು ಆಗಲಿಲ್ಲ. ದೋಣಿಯವರಿಗೆ ಸ್ವರ ಹೇಗೆ ಕೇಳಿಸಿತೋ ಎಂಬ ಕುತೂಹಲ ಒಂದು ಕಡೆ. ಯಾವುದೋ ಒಂದು ತುಂಡು ಎಲ್ಲೋ ಸರಿಯಾಗಿ ಕೂತಿಲ್ಲ ಎಂಬ ಹಲ್ಲಿನ ಸಂದಿಯ ಮುಳ್ಳಿನಂಥ ಕಾಟ ಇನ್ನೊಂದು ಕಡೆ. ದಕ್ಕೆಯಲ್ಲಿದ್ದ ಅಮ್ಮನಿಗೆ ಫೋನು ಮಾಡಿದಳು.

"ನಿನ್ ಸ್ವರ ಹ್ಯಾಂಗ್ ಕೇಂತ್ ಅಮ್ಮ? ದೋಣಿಯರ್ ಎಂತ ಅಂದ್ರ್?"

"ಎಂತ ಸ್ವರ? ಯಾರ್ ಸ್ವರವೂ ಇಲ್ಲೆ, ಇಲ್ಲಿ ಗಾಳಿದ್ ಒಂದೇ ಸ್ವರ." ಫೋನಿನೊಳಗೂ ಅದು ಊದುತ್ತಿತ್ತು. "ಆಕಾಶ ಕಪ್ಪಾದ್ದ್ ಕಂಡ್ಕಂಡ್ ಬಾಕಿಯರೆಲ್ಲ ಬಂದ್ರ್. ಸೂರ ಬರ್ಲಿಲ್ಲೆ. ಫೋನ್ ಮಾಡ್ರೆ ಸ್ವಿಚ್ ಆಫ್ ಅಂತ್."

ವಿಜೇತಾ ಬೋರ್ಡು ತೆರೆದಳು. ಸೂರಮಾವನ ದೋಣಿಯ ಮುಂದೆ ಅಚ್ಚುಕಟ್ಟಾಗಿ 'ಬಂತ್' ಎಂದಿತ್ತು. "ಮಾವ ಬಂದಿದ್ರಲೆ. ಬೋರ್ಡಂಗೆ ಬಂತ್ ಅಂತ ಇತ್ತ್."

"ಬೋರ್ಡಂಗೆ ಬಂದ್ರೆ ದೋಣಿ ಎಲ್ಲಿತ್ತ್? ನಾನ್ ಇಲ್ಲೇ ನಿಂತಿದ್ದೆ."

ಅವಳು ಮೇಲಿನ ಸಾಲು ನೋಡಿದಳು. ಬಂತ್. ಅದರ ಕೆಳಗೆ, ಬಂತ್. ಇಡೀ ದಕ್ಕೆಗೆ ದಕ್ಕೆಯೇ ಬಂತ್. ದಿನದ ಮೊದಲ ಬಂತ್ ಯಾವ ಹೊತ್ತಿನದೆಂದು ನೋಡಿದರೆ ಎಲ್ಲವೂ ಬೆಳ್ಳಂಬೆಳಿಗ್ಗೆ, ಕೋಳಿ ಕೂಗುವ ಹೊತ್ತಿಗೆ. ಆ ಹೊತ್ತಿಗೆ ದೋಣಿ ಹೋಗುತ್ತದೆ. ಯಾವ ದೋಣಿಯೂ ಬರುವುದಿಲ್ಲ.

ಕೈಯಲ್ಲಿದ್ದ ಗೋಳಿಬಜೆಯನ್ನು ಎಲ್ಲಿಟ್ಟಳೋ ಅವಳಿಗೆ ನೆನಪಿಲ್ಲ. ಮೇಜಿನ ಮೇಲಿನ ಡಬ್ಬಿಯ 'ಬತ್ತೆ' ಒತ್ತಿ ಈ ಸಲ ತಾನೇ ನೋಡಿದಳು. ಸುಳ್ಳು ದೋಣಿಯ ಮುಂದೆ ಬಿತ್ತು: ಬಂತ್. 'ಬಂದೆ' ಒತ್ತಿದಳು: ಬಂತ್.

ಬತ್ತೆ ಒತ್ತಿದಾಗ ನಡೆಯುವ ಕೆಲಸವನ್ನೂ ಬಂದೆ ಒತ್ತಿದಾಗ ನಡೆಯುವ ಕೆಲಸವನ್ನೂ ಬರೆದವಳು ಅವಳೇ. ಎರಡರ ಒಳಗೂ ಇದ್ದದ್ದು ಒಂದೇ: ದೋಣಿಯ ನಂಬರು ತಗೋ, ಹೊತ್ತು ಬರೆ, ದಡಕ್ಕೆ ಕಳಿಸು. ಯಾವುದು ಹೋಗುವುದು ಯಾವುದು ಬರುವುದು ಎಂದು ಡಬ್ಬಿಗೆ ತಿಳಿಯುತ್ತಿದ್ದುದು ಅವು ಬೇರೆ ಬೇರೆ ವಿಳಾಸದಲ್ಲಿ ಕೂತಿದ್ದವು ಎಂಬ ಒಂದೇ ಕಾರಣದಿಂದ. ಅಂಚೆಯವಳು ಅವಳೇ. ಒಳಗೆ ಒಂದೇ ತರಹ ಇದ್ದದ್ದನ್ನು ಕಂಡು ಯಂತ್ರ ಎರಡನ್ನೂ ಮಡಚಿ ಒಂದು ಮಾಡಿಬಿಟ್ಟಿತ್ತು. ಉಳಿದದ್ದು ಬಂದೆ. ಇವತ್ತು ಬೆಳಿಗ್ಗೆ ತ್ರಾಸಿಯಿಂದ ಹೊರಟವರೆಲ್ಲ, ಹೊರಡುವಾಗಲೇ ಬಂದಿದ್ದರು. ಬಂದವರಿಗೆ ಎಚ್ಚರಿಕೆ ಹೋಗುವುದಿಲ್ಲ.

ಶೀನನಿಗೆ ಫೋನು ಮಾಡಿದಳು. ಸ್ವರ ಜಗಳಕ್ಕೆ ಬಂದಂತಿತ್ತು. "ನಿನ್ನೆ ನಾನ್ ಬಂತಾ ಕೇಂಡ್ರೆ ಬಂತ್ ಅಂದ್ರಿ!"

"ಬೋರ್ಡಂಗೆ ಬಂತ್ ಅಂತ ಇತ್ತ್. ಇದ್ದದ್ ಓದಿ ಹೇಳ್ದೆ."

"ನಾನ್ ಕೇಂಡದ್ದ್ ಸುದ್ದಿ ಬಂತಾ ಅಂದ್ಹೇಳಿ!"

"ಸುದ್ದಿಯೂ ಬಂತಲೆ ಮತ್ತೆ," ಎಂದ ಶೀನ, ನೊಂದವನಂತೆ.

"ಬೆಳಿಗ್ಗೆಯಿಂದ ಎಲ್ಲ ಬಂತ್ ಬಂತ್ ಅಂತಿದ್ರೆ ನಿಮ್ಗ್ ಎಂತದೂ ಕಾಣ್ಲಿಲ್ಯಾ?"

"ಬೆಳಿಗ್ಗೆಯೇ ಮೋಡ ಇತ್ತಲೆ. ಇವತ್ತ್ ಯಾರೂ ಹೋಯ್ಲಿಲ್ಲೆ ಅಂದ್ ಗ್ರಹಿಸ್ದೆ. ನಂಗ್ ಇಲ್ಲಿಂದ ಕಡಲ್ ಕಾಣ್ತಿಲ್ಲೆ, ಬಸ್ಸೇ ಕಾಂಬುದ್."

ಅದೂ ನಿಜ. ಸಂಘದ ಆಫೀಸಿನ ಕಿಟಕಿ ಹೆದ್ದಾರಿಯ ಕಡೆಗಿತ್ತು. ಕಡಲ ಕಡೆಯ ಕಿಟಕಿಯನ್ನು ಬೋರ್ಡು ಹಾಕಲಿಕ್ಕೆಂದು ಮುಚ್ಚಿದ್ದರು.

ಎಚ್ಚರಿಕೆಯ ಪುಟದ ಕೆಳಗೆ ಇನ್ನೊಂದು ಬಟನ್ ಇತ್ತು, ಯಾವತ್ತೂ ಬಳಸದ್ದು: 'ಎಲ್ಲ ದೋಣಿಗಳಿಗೂ'. ಬೋರ್ಡು ಏನೇ ಹೇಳಲಿ, ಬಂದವರು ಹೋದವರು ಎನ್ನದೆ ಇಡೀ ಕರಾವಳಿಗೆ ಹೋಗುವಂಥದ್ದು. ವಿಜೇತಾ ಅದರ ಮೇಲೆ ಬೆರಳಿಟ್ಟಾಗ ಉಮಾನಾಥ ಕುರ್ಚಿಯಿಂದ ಅರ್ಧ ಎದ್ದ.

"ನಿಲ್ಲ್ ನಿಲ್ಲ್. ಕಟ್ಟಿಹಾಕಿದ್ದ್ ದೋಣಿ ಎಲ್ಲ ಒಟ್ಟಿಗೇ ಬನಿ ಬನಿ ಅಂದ್ ಬೊಬ್ಬಿ ಹೊಡೀತೋ? ಬೈಂದೂರಿಂದ ಇಲ್ಲಿವರಿಗೆ ಜನ ನೆಗಾಡುದಿಲ್ಯಾ? ಬೋರ್ಡ್ ಸುಳ್ಳ್ ಅಂತ ನಾವೇ ಡಂಗುರ ಹೊಡ್ದಂಗ್ ಆತ್ತ್. ಅರೇ ಯಾರ್, ಇಷ್ಟ್ ವರ್ಷದ್ ಮರ್ಯಾದಿ!"

"ನೆಗಾಡ್ಲಿ."

"ಸೂರನ್ ದೋಣಿ ಒಂದಕ್ಕೇ ಕಳ್ಸುಕ್ ಬತ್ತಿಲ್ಯಾ?"

"ಅದ್ ಬಂದಿತ್ತ್ ಅಂತಲೆ ಬೋರ್ಡ್ ಹೇಳುದ್! ಬಂದ್ ದೋಣಿಗ್ ಒಂದೊಂದಾಯಿ ಕಳ್ಸುಕ್ ಬಿಡುದಿಲ್ಲೆ. ನೀವೇ ಹಾಂಗ್ ಮಾಡ್ಸಿದ್ದ್."

ಉಮಾನಾಥ ಟಾರ್ಪಾಲಿನ ಕಡೆ ನೋಡಿದ. ಅದು ಒಂದು ಮೂಲೆಯಲ್ಲಿ ಹಗ್ಗ ಕಿತ್ತುಕೊಂಡು ಆಕಾಶಕ್ಕೆ ಎದ್ದಿತ್ತು. "ಒತ್ತ್," ಎಂದ. ಅವನು ಹೇಳುವಷ್ಟರಲ್ಲಿ ಅವಳು ಒತ್ತಿಯಾಗಿತ್ತು.

*

ತ್ರಾಸಿಯ ದಾರಿಯಲ್ಲಿ ತಲ್ಲೂರು ದಾಟುವಾಗ ಗಾಳಿ ವಿಜೇತಾಳ ಸ್ಕೂಟರನ್ನು ಪಕ್ಕಕ್ಕೆ ನೂಕುತ್ತಿತ್ತು. ಲಾರಿಯೊಂದು ಹಾರನ್ ಹೊಡೆದು ದಾಟಿಹೋಯಿತು. ಆ ಹಾರನ್ನಿನಲ್ಲೂ ಅವಳಿಗೆ ಅಮ್ಮನ ಸ್ವರ ಕೇಳಿಸಿದಂತಾಯಿತು. ಡಬ್ಬಿಗೆ ಸುದ್ದಿ ಮುಟ್ಟಿತೋ ಇಲ್ಲವೋ. ಮಾವ ಮೊಬೈಲ್ ಸಿಗ್ನಲ್ಲಿನ ಅಂಚಿನಲ್ಲೇ ಬಲೆ ಬಿಡುವವನು. ಆಚೆ ಹೋದರೆ ಹೋದ. ತಲೆಯಲ್ಲಿ ಬಂದ ಆ ಮಾತಿಗೆ ಅವಳೇ ಬೆಚ್ಚಿ, ಬತ್ತ್ರ್, ಬತ್ತ್ರ್ ಎಂದು ಹೆಲ್ಮೆಟ್ಟಿನೊಳಗೆ ಗಟ್ಟಿಯಾಗಿ ಹೇಳಿಕೊಂಡಳು.

ಹೆದ್ದಾರಿ ಬಿಟ್ಟು ದಕ್ಕೆಯ ಮಣ್ಣುದಾರಿಗೆ ಇಳಿಯುವ ಮೊದಲೇ ಕೇಳಿಸಿತು. ಕಟ್ಟಿಹಾಕಿದ ದೋಣಿಗಳೆಲ್ಲ ಕೂಗುತ್ತಿದ್ದವು. ಒಂದು ಮುಗಿಸುವುದರೊಳಗೆ ಇನ್ನೊಂದು ಸುರು. ಒಂದು ಮಕ್ಳೇ ಎನ್ನುವಾಗ ಮತ್ತೊಂದು ಬಲೆ ಎಳ್ಕಣಿ ಎನ್ನುತ್ತಿತ್ತು. ಯಾರಾದರೂ ಬಟನ್ ಒತ್ತುವವರೆಗೆ ನಿಲ್ಲಬಾರದೆಂದು ಅದನ್ನು ಹಾಗೆಯೇ ಮಾಡಿದ್ದು. ದಡದಲ್ಲಿದ್ದವರು ನಗಬೇಕೋ ಬೈಯಬೇಕೋ ತಿಳಿಯದೆ ನಿಂತಿದ್ದರು. ಏಲಂ ಕಟ್ಟೆಯ ಹತ್ತಿರ ಚಂದ್ರಮತಿ ಒಂದು ಕೈ ಹಣೆಗೆ ಅಡ್ಡ ಹಿಡಿದು ಕಡಲ ಕಡೆಗೇ ನೋಡುತ್ತಿದ್ದಳು. ಪಕ್ಕದಲ್ಲಿ ಮೀನಿನ ಬುಟ್ಟಿ ಮಗುಚಿ ಕುಳಿತ ಕಮಲ ಸುಮ್ಮನಿರುವ ಪೈಕಿ ಅಲ್ಲ.

"ಅಲ್ದೇ ಚಂದ್ರಮತಿ, ನೀ ಒಬ್ಬಳ್ ಇದ್ದದ್ದೇ ನಮ್ಗ್ ಸಾಕಾಯಿತ್ತ್. ಈಗ ದೋಣಿಗೊಬ್ಬಳ್ ಆಯ್ತಲೆ!"

"ಸುಮ್ನಿರ್ ಕಮಲ," ಎಂದಳು ಚಂದ್ರಮತಿ, ತಿರುಗದೆ.

ಕಮಲ ಬುಟ್ಟಿಯಿಂದೆದ್ದು ತಾನೂ ಕಡಲ ಕಡೆ ತಿರುಗಿದಳು. ಅದು ತಮಾಷೆಯ ಹೊತ್ತಲ್ಲವೆಂದು ಅವಳಿಗೂ ಗೊತ್ತಿತ್ತು. ಸುಮ್ಮನೆ ಕೂತರೆ ಹೆದರಿಕೆಯಾಗುತ್ತದೆಂದು ಮಾತಾಡಿದ್ದಳು, ಅಷ್ಟೇ.

"ಅಮ್ಮ, ನನ್ ತಪ್ಪ್," ಎಂದು ವಿಜೇತಾ ಸುರುಮಾಡಿದಳು. "ಬತ್ತೆಯೂ ಬಂದೆಯೂ..."

"ಕಡೆಗ್ ಹೇಳ್."

ಕಡಲು ದಡದ ಹತ್ತಿರ ಕಂದು, ಆಚೆ ಬೂದಿ, ಅದರಾಚೆ ಆಕಾಶ ಯಾವುದು ನೀರು ಯಾವುದು ಎಂದು ಗೊತ್ತಾಗುತ್ತಿರಲಿಲ್ಲ. ವಿಜೇತಾ ನಿಲ್ಲಲಾರದೆ ಕಟ್ಟಿಹಾಕಿದ ದೋಣಿಗಳತ್ತ ಹೋದಳು. ಒಂದಕ್ಕೆ ಹತ್ತಿ ಬಟನ್ ಒತ್ತಿದಳು, ಅದು ಬಾಯಿ ಮುಚ್ಚಿತು. ಪಕ್ಕದ್ದಕ್ಕೆ ದಾಟಿದಳು. ಒಂದೊಂದೇ ಅಮ್ಮನನ್ನು ಸುಮ್ಮನಾಗಿಸುತ್ತ ಹೋದ ಹಾಗೆ ಗಾಳಿಯ ಸದ್ದು ಹೆಚ್ಚುತ್ತ ಬಂತು. ಕೊನೆಯ ದೋಣಿಯ ಬಟನ್ ಮೇಲೆ ಕೈಯಿಟ್ಟವಳಿಗೆ ಅದನ್ನು ಒತ್ತಲು ಒಂದು ಕ್ಷಣ ಧೈರ್ಯ ಬರಲಿಲ್ಲ. ಒತ್ತಿದಳು. ಒತ್ತಿದ ಮೇಲೂ ಸ್ವರ ನಿಲ್ಲಲಿಲ್ಲ.

"ಹ್ವಾಯ್ ಮಕ್ಳೇ," ಎನ್ನುತ್ತಿತ್ತು. ಗಾಳಿ ಅದನ್ನು ಹರಿದು ತುಂಡು ಮಾಡುತ್ತಿತ್ತು. "...ಬತ್ತ್... ದಡಕ್... ಕಾಂಬ!"

ಅದು ಈ ದೋಣಿಯದಲ್ಲ. ಕಡಲಿನಿಂದ ಬರುತ್ತಿತ್ತು.

ಕಟ್ಟೆಯ ಹತ್ತಿರ ಯಾರೋ ಓಡಿದರು, ಯಾರೋ ಹಗ್ಗ ತರಲು ಕೂಗಿದರು. ಅಲೆಯ ಮೇಲೆ ಒಂದು ಮೂತಿ ಎದ್ದಿತು, ಬಿತ್ತು, ಮತ್ತೆ ಎದ್ದಿತು. ಕಿತ್ತಳೆ ಬಣ್ಣದ ಚುಕ್ಕೆಯೊಂದು ಕಾಣಿಸಿತು. ದೋಣಿ ದಕ್ಕೆಯ ಒಳಗೆ ಬರುವವರೆಗೂ ಚಂದ್ರಮತಿ ಹಣೆಯ ಮೇಲಿನ ಕೈ ಇಳಿಸಲಿಲ್ಲ.

ಸೂರ ಇಳಿದಾಗ ಅವನ ಅಂಗಿ ಮೈಗೆ ಅಂಟಿತ್ತು, ಕಣ್ಣು ಉಪ್ಪಿಗೆ ಕೆಂಪಾಗಿತ್ತು. ಜೊತೆಗಿದ್ದ ಇಬ್ಬರು ಹಗ್ಗ ಕಟ್ಟಿದರು. ಅರ್ಧ ಬಲೆ ಕತ್ತರಿಸಿಕೊಂಡು ಬಂದಿದ್ದರು.

"ಬಂಗ್ಡಿ ಬಿದ್ದಿತ್ತ್ ಅಕ್ಕ," ಎಂದ ಸೂರ. ಮೊದಲು ಹೇಳಿದ್ದೇ ಅದು. "ಅಷ್ಟ್ ಬಂಗ್ಡಿ ಬಿದ್ದ್ ಹೊತ್ತಿಗೆ ಆಕಾಶ ಯಾರ್ ಕಾಣ್ತ್ರ್? ಅಷ್ಟೊತ್ತಿಗ್ ನಿನ್ ಬೊಬ್ಬಿ. ಮನ್ಯಗೂ ಅದೇ, ಕಡಲಂಗೂ ಅದೇ."

"ಬೈಯುಕ್ ಗೊತ್ತಿಲ್ದೇ ಸುಮ್ನಿದ್ದೆ ಅಂದ್ಕಂಡ್ಯಾ?" ಎಂದಳು ಚಂದ್ರಮತಿ. ಬೈಯಲಿಲ್ಲ. ಅವನ ತಲೆಗೆ ಸೆರಗಿನ ತುದಿಯಿಂದ ಎರಡು ಸಲ ಒರೆಸಿ ಕೈ ತೆಗೆದಳು.

ವಿಜೇತಾ ಹತ್ತಿರ ಬಂದಳು. "ಮಾವ, ಬೋರ್ಡಂಗೆ ನೀವ್ ಬೆಳಿಗ್ಗೆಯೇ ಬಂದಿದ್ರಿ."

"ಹೌದಾ?" ಸೂರ ಅವಳ ಮುಖ ನೋಡಿದ. "ಬೆಳಿಗ್ಗೆಯೇ ಬಂದವ್ನಿಗ್ ಇಷ್ಟೊತ್ತ್ ಯಾರೂ ಒಂದ್ ಚಾ ಕೊಡ್ಲಿಲ್ಯಲೆ!"

ಕಮಲ ಜೋರಾಗಿ ನಕ್ಕಳು. ಅವಳೊಟ್ಟಿಗೆ ಇನ್ನಿಬ್ಬರು ನಕ್ಕರು. ವಿಜೇತಾಳಿಗೆ ನಗು ಬರಲಿಲ್ಲ. ಅವಳ ಮೊಬೈಲಿನಲ್ಲಿ ಬೋರ್ಡು ತೆರೆದೇ ಇತ್ತು; ಅದರಲ್ಲಿ ಏನೂ ಬದಲಾಗಿರಲಿಲ್ಲ.

ಸೂರನ ದೋಣಿಯ ಡಬ್ಬಿ ಇನ್ನೂ ಕೂಗುತ್ತಿತ್ತು. ಹಗ್ಗ ಕಟ್ಟಿದವನೊಬ್ಬ ಒತ್ತಲು ಹೋದರೆ ಸೂರ ಕೈಯಾಡಿಸಿದ. "ಕೂಗ್ಲಿ. ಒಂದ್ ಗಳಿಗಿ ಕೂಗ್ಲಿ ಬಿಡ್." ಎಲ್ಲರೂ ಬುಟ್ಟಿಗಳ ಕಡೆ, ಚಾದ ಕಡೆ ಹೋದರು. ಚಂದ್ರಮತಿ ಹೋಗಲಿಲ್ಲ. ತನ್ನ ಸ್ವರ ತನಗೇ ಕೇಳುವುದು ಅವಳಿಗೆ ಹೊಸತು. ಅದು ಇಷ್ಟು ದೊಡ್ಡದೆಂದು ಅವಳಿಗೆ ಯಾರೂ ಹೇಳಿರಲಿಲ್ಲ, ಅಥವಾ ಹೇಳಿದ್ದನ್ನು ಅವಳು ನಂಬಿರಲಿಲ್ಲ. ಸೀರೆ ಎತ್ತಿ ಕಟ್ಟಿ ಮೊಣಕಾಲುಮಟ್ಟದ ನೀರಿಗಿಳಿದು ದೋಣಿಯ ಅಂಚು ಹಿಡಿದುಕೊಂಡಳು. ಕನ್ನಡಕ ಮನೆಯಲ್ಲಿತ್ತು. ಡಬ್ಬಿಯ ಹತ್ತಿರಕ್ಕೆ ಮುಖ ತಂದು ಕಣ್ಣು ಕಿರಿದು ಮಾಡಿದಳು.

"ಯಾವ್ದ್ ಒತ್ತುದ್ ಹೆಣ್ಣೇ ಇದ್ರಂಗೆ?"

"ಯಾವ್ದಾರೂ ಆತ್ತ್ ಅಮ್ಮ," ಎಂದಳು ವಿಜೇತಾ. "ಇವತ್ತ್ ಎರಡೂ ಒಂದೇ."

ಚಂದ್ರಮತಿಯ ಬೆರಳು ಒಂದರ ಮೇಲಿನಿಂದ ಇನ್ನೊಂದರ ಮೇಲಕ್ಕೆ ಹೋಗಿ ಗಾಳಿಯಲ್ಲೇ ನಿಂತಿತು. ಅಲೆಯೊಂದು ಬಂದು ದೋಣಿಯನ್ನು ಎತ್ತಿ ಇಳಿಸಿತು. ಡಬ್ಬಿ ಉಸಿರು ಎಳೆದುಕೊಂಡಂತೆ ಒಂದು ಕ್ಷಣ ಸುಮ್ಮನಿದ್ದು, ಅವಳ ಮುಖಕ್ಕೇ ಕೂಗಿತು: "ದಡಕ್ ಬನಿ. ಬನಿ ಕಾಂಬ!"

"ಹಾಂ, ಬಂದೆ ಬಂದೆ," ಎಂದಳು ಚಂದ್ರಮತಿ, ಬೆರಳು ಇನ್ನೂ ಹಾಗೆಯೇ ಹಿಡಿದುಕೊಂಡು.